ಓಡದ ಸಹಿ

ನಮ್ಮ ಬ್ಯಾಂಕಿನ ಮೂರನೇ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತಿದ್ದ ಹೆಂಗಸನ್ನು ನಾವು ಎದುರಿಗೆ ಅಕ್ಕ ಅನ್ನುತ್ತಿದ್ದೆವು, ಬೆನ್ನ ಹಿಂದೆ 'ಇನ್ನೊಂದು ಕಾಗದ' ಅನ್ನುತ್ತಿದ್ದೆವು. ಆ ಹೆಸರು ಇಟ್ಟವರು ನಾವಲ್ಲ. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು ಕೂತು ಸೊಂಟ ಹಿಡಿದುಕೊಂಡ ಗಿರಾಕಿಗಳು ಇಟ್ಟದ್ದು. ಹೊಸ ಖಾತೆ ತೆರೆಯುವುದು, ಹಳೆಯ ಖಾತೆಗಳ ಸಹಿ ತಾಳೆ ನೋಡುವುದು, ಇವೆರಡು ಅಕ್ಕನ ಕೆಲಸ. ಅವರ ಬಾಯಿಂದ 'ಆಗಲ್ಲ' ಅನ್ನುವ ಮಾತು ಬಂದದ್ದನ್ನು ಯಾವ ಗಿರಾಕಿಯೂ ಕೇಳಿಲ್ಲ. ಕೊಟ್ಟ ಕಾಗದಗಳನ್ನೆಲ್ಲ ಒಂದೊಂದಾಗಿ ತಿರುವಿ, ಅಂಚು ಕೂಡಿಸಿ, ಮೇಜಿಗೆ ಎರಡು ಸಲ ತಟ್ಟಿ, ನಗುಮುಖದಲ್ಲೇ ಹೇಳುತ್ತಿದ್ದರು: "ಎಲ್ಲಾ ಸರಿಯಾಗಿದೆ. ಇನ್ನೊಂದು ಕಾಗದ ತಂದುಬಿಡಿ, ಆಯ್ತು."

ಆ ಇನ್ನೊಂದು ಕಾಗದ ತರುವ ಹೊತ್ತಿಗೆ ಅದಕ್ಕೊಂದು ತಮ್ಮ ಹುಟ್ಟಿರುತ್ತಿದ್ದ. ಹೀಗೆ ಮೂರು ನಾಲ್ಕು ಸಲ ಓಡಾಡಿದ ಮೇಲೆ ಖಾತೆ ತೆರೆಯುತ್ತಿತ್ತು. ತೆರೆದ ಮೇಲೆ ಆ ಕಡತವನ್ನು ಯಾವ ಆಡಿಟರು ಬಂದು ಭೂತಗನ್ನಡಿ ಹಿಡಿದರೂ ಒಂದು ತಪ್ಪು ಸಿಗುತ್ತಿರಲಿಲ್ಲ. ಮೂಲೆಯಿಂದ ಸರಿಯಾಗಿ ಒಂದು ಬೆರಳಿನಷ್ಟು ಒಳಗೆ ತೂತು ಹೊಡೆದು, ಹಸಿರು ದಾರದ ಟ್ಯಾಗ್ ಪೋಣಿಸಿ, ಅದರ ಎರಡು ತುದಿಗಳನ್ನೂ ಒಳಕ್ಕೆ ಮಡಿಸಿಟ್ಟ ಕಡತ ಕಂಡರೆ ಅದು ಅಕ್ಕನದೇ ಎಂದು ಅಟೆಂಡರ್ ಕಣ್ಣುಮುಚ್ಚಿ ಹೇಳುತ್ತಿದ್ದ.

ನಾನು ಕೆಲಸಕ್ಕೆ ಸೇರಿದಾಗ ನನ್ನನ್ನು ಅವರ ಪಕ್ಕದಲ್ಲೇ ಕೂರಿಸಿದರು. ಅವರ ಮೇಜಿಗೆ ಗಾಜು ಹಾಸಿತ್ತು. ಗಾಜಿನ ಕೆಳಗೆ ಬಸ್ಸಿನ ವೇಳಾಪಟ್ಟಿ, ರಜೆಗಳ ಪಟ್ಟಿ ಮತ್ತು ಒಂದು ಫೋಟೊ. ಫೋಟೊದಲ್ಲಿ ಉದ್ದ ಕೋಟು ಹಾಕಿಕೊಂಡ ಒಬ್ಬ ಹೆಂಗಸು ಯಾವುದೋ ಸೇತುವೆಯ ಮೇಲೆ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಳು. "ನನ್ನ ತಂಗಿ," ಎಂದಷ್ಟೇ ಹೇಳಿದ್ದರು ಅಕ್ಕ.

ಸಹಿ ನೋಡುವುದನ್ನು ಕಲಿಸಿದ್ದು ಅವರೇ. ನಾನು ಮೊದಮೊದಲು ಅಕ್ಷರಗಳನ್ನು ಹೋಲಿಸಿ ನೋಡುತ್ತಿದ್ದೆ. ಈ ಕೊಂಬು ಹಾಗೇ ಇದೆಯೇ, ಈ ಸುಳಿ ಹೀಗೇ ತಿರುಗಿದೆಯೇ ಎಂದು. ಅಕ್ಕ ನನ್ನ ಕೈಯಿಂದ ಚೆಕ್ ಕಿತ್ತುಕೊಂಡರು.

"ಅಕ್ಷರ ನೋಡಬೇಡ ಕಣೋ. ಓಟ ನೋಡು. ಸ್ವಂತ ಹೆಸರು ಬರೆಯೋಕೆ ಯಾರೂ ಯೋಚನೆ ಮಾಡಲ್ಲ, ಕೈ ತಾನೇ ಓಡಿಬಿಡತ್ತೆ. ಬೇರೆಯವರ ಸಹಿ ಹಾಕೋನು ಮಾತ್ರ ಚಿತ್ರ ಬರೆದ ಹಾಗೆ ನಿಧಾನಕ್ಕೆ ಎಳೀತಾನೆ. ಅಲ್ಲಲ್ಲಿ ಪೆನ್ನು ನಿಂತಿರತ್ತೆ, ಶಾಯಿ ಸ್ವಲ್ಪ ಗುಂಡಗೆ ಕೂತಿರತ್ತೆ. ಅದು ಕಂಡರೆ ವಾಪಸ್ ಕಳಿಸು."

ಒಂದು ಸಲ ತನ್ನ ದೊಡ್ಡಪ್ಪನ ಠೇವಣಿ ಬಿಡಿಸಿಕೊಳ್ಳಲು ಬಂದ ಒಬ್ಬನನ್ನು ಅವರು ಹೀಗೇ ಹಿಡಿದರು. ಸಹಿ ಅಚ್ಚು ಹೊಡೆದ ಹಾಗಿತ್ತು, ಆದರೆ ಪೆನ್ನು ನಾಲ್ಕು ಕಡೆ ನಿಂತಿತ್ತು. ದೊಡ್ಡಪ್ಪ ಆಸ್ಪತ್ರೆಯಲ್ಲಿ ಮಲಗಿದ್ದರು, ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಆವತ್ತಿನಿಂದ ನನಗೆ ಅಕ್ಕನ ಮಾತೆಂದರೆ ಮಾತು.

ಇನ್ನೊಂದು ಪಾಠವೂ ಇತ್ತು. "ಮುಖ ನೋಡಬೇಡ, ಕಾಗದ ನೋಡು. ಮುಖ ನೋಡಿದರೆ ಕರಗಿಹೋಗ್ತೀಯ." ನಮ್ಮ ನಿಯಮದ ಪುಸ್ತಕದಲ್ಲಿ ಕರಗುವವರಿಗೂ ಒಂದು ದಾರಿ ಇತ್ತು. ಗಿರಾಕಿಯನ್ನು ಕೌಂಟರಿನವರು ಚೆನ್ನಾಗಿ ಬಲ್ಲವರಾದರೆ, ಅರ್ಜಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 'ಖುದ್ದು ಬಲ್ಲೆ' ಎಂದು ಬರೆದು ರುಜು ಹಾಕಬಹುದು. ಆಮೇಲೆ ಏನೇ ಆದರೂ ಬರೆದವರೇ ಹೊಣೆ. ಅಕ್ಕ ಅದನ್ನು ಒಂದು ಸಲವೂ ಬರೆದದ್ದಿಲ್ಲ. ಯಾಕೆ ಅಂದರೆ, "ನನ್ನನ್ನೇ ನಾನು ಸರಿಯಾಗಿ ಬಲ್ಲೆ ಅಂತ ಬರೆದುಕೊಡೋಕೆ ಆಗಲ್ಲ, ಇನ್ನು ಇವರನ್ನ ಎಲ್ಲಿಂದ ಬಲ್ಲೆ," ಅನ್ನುತ್ತಿದ್ದರು.

ನಾನು ಸೇರಿದ ಎರಡನೇ ವಾರ ನಮ್ಮಮ್ಮ ಖಾತೆ ತೆರೆಯಲು ಬಂದಳು. ಮಗ ಬ್ಯಾಂಕಿನಲ್ಲಿದ್ದಾನೆ ಎಂಬ ಹೆಮ್ಮೆಗೆ ಒಗೆದಿಟ್ಟ ಸೀರೆ ಉಟ್ಟುಕೊಂಡು ಬಂದಿದ್ದಳು. ಮನೆಯ ವಿದ್ಯುತ್ ಬಿಲ್ಲು ಅಪ್ಪನ ಹೆಸರಿನಲ್ಲಿತ್ತು. ಅಕ್ಕ ಕಾಗದಗಳನ್ನು ಮೇಜಿಗೆ ಎರಡು ಸಲ ತಟ್ಟಿದರು. ಕೆಲಸಕ್ಕೆ ಸೇರುವಾಗ ಅದೇ ಮನೆಯ ವಿಳಾಸ ಕೊಟ್ಟ ನಾನು ಎರಡಡಿ ದೂರದಲ್ಲಿ ಕೂತಿದ್ದೆ. ಆ ವಿಳಾಸದ ಕಾಗದ ಬ್ಯಾಂಕಿನ ಬೀರುವಿನಲ್ಲೇ ಇತ್ತು. ಅಮ್ಮ ಬಿಸಿಲಿನಲ್ಲಿ ಮನೆಗೆ ಹೋಗಿ ಬಂದಳು, ತಂದದ್ದು ಸಾಲದು ಎಂದು ಮತ್ತೆ ಹೋಗಿ ಬಂದಳು. ರಾತ್ರಿ ಊಟಕ್ಕೆ ಕೂತಾಗ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಟ್ಟಳು ಅಷ್ಟೆ.

ಮರುದಿನ ಅಕ್ಕ ಹೇಳಿದರು, "ನಿಮ್ಮಮ್ಮ ಅಂತ ಬಿಟ್ಟಿದ್ದರೆ ನಾಳೆ ಎಲ್ಲರ ಅಮ್ಮಂದಿರನ್ನೂ ಬಿಡಬೇಕಾಗತ್ತೆ." ನಾನು ಹೂಂ ಅಂದೆ. ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಆ ಸಿಟ್ಟನ್ನು ನುಂಗಿಕೊಂಡೆ. ನುಂಗಿದ್ದು ಕರಗಲಿಲ್ಲ ಎನ್ನುವುದು ಹನ್ನೊಂದು ವರ್ಷದ ಮೇಲೆ ಗೊತ್ತಾಯಿತು.

ಅಕ್ಕ ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವರಿಗೆ ತಮ್ಮವರು ಅಂತ ಇದ್ದದ್ದು ಆ ಒಬ್ಬಳು ತಂಗಿ. ಇಪ್ಪತ್ತೆರಡಕ್ಕೆ ಮದುವೆಯಾಗಿ ಗಂಡನ ಜೊತೆ ಪರದೇಶಕ್ಕೆ ಹೋದವಳು. ಆಮೇಲಿನ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಇಬ್ಬರೂ ಮುಖ ಮುಖ ನೋಡಿದ್ದು ನಾಲ್ಕೇ ಸಲ. ಪ್ರತಿ ವರ್ಷ ತಂಗಿ ಕರೆಯುವಳು, ಪ್ರತಿ ವರ್ಷ ಅಕ್ಕ ರಜೆಯ ಅರ್ಜಿ ಬರೆಯುವರು. ಬರೆದು ಡ್ರಾಯರಿನಲ್ಲಿಟ್ಟುಕೊಂಡು, ವರ್ಷದ ಲೆಕ್ಕ ಮುಗಿಯಲಿ, ಆಡಿಟ್ ಮುಗಿಯಲಿ, ಹೊಸ ಕಂಪ್ಯೂಟರ್ ಬರಲಿ ಎಂದು ಕಾದು, ಕೊನೆಗೆ ಹರಿದುಹಾಕುವರು. "ಮುಂದಿನ ವರ್ಷ ಹೋದರಾಯ್ತು. ಅವಳೆಲ್ಲಿ ಓಡಿಹೋಗ್ತಾಳೆ?"

ನಿವೃತ್ತಿಗೆ ಆರು ತಿಂಗಳಿದ್ದಾಗ ತಂಗಿಯ ಫೋನ್ ಬಂತು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಈಗ ಕಣ್ಣು ಹೋಗುತ್ತಿದೆ ಎಂದಳಂತೆ. ಪಕ್ಕದ್ದೆಲ್ಲ ಆಗಲೇ ಮಸುಕು, ಎದುರಿಗಿರುವುದು ಮಾತ್ರ ಕಿಂಡಿಯಲ್ಲಿ ನೋಡಿದ ಹಾಗೆ ಕಾಣುತ್ತದೆ, ಆ ಕಿಂಡಿಯೂ ಸಣ್ಣದಾಗುತ್ತಿದೆ. ವರ್ಷವೋ, ಒಂದೂವರೆ ವರ್ಷವೋ, ಡಾಕ್ಟರರೂ ಹೇಳಲಾರರು. ಅಕ್ಕ ಆ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಗಾಜಿನ ಕೆಳಗಿದ್ದ ಫೋಟೊವನ್ನು ತೆಗೆದು ಪರ್ಸಿನಲ್ಲಿಟ್ಟುಕೊಂಡರು.

ನಿವೃತ್ತಿಯ ದಿನ ನನಗೆ ಮೂರನೇ ಕೌಂಟರಿನ ಕೀಲಿ ಕೊಟ್ಟರು, ಜೊತೆಗೆ ತಮ್ಮ ಸ್ವಂತ ಭೂತಗನ್ನಡಿಯನ್ನೂ ಕೊಟ್ಟರು. ಬಾಡಿಗೆ ಮನೆ ಖಾಲಿ ಮಾಡಿ, ಪಾತ್ರೆಪಗಡ ಹಂಚಿ, ಎರಡು ಸೂಟ್‌ಕೇಸು ಹಿಡಿದುಕೊಂಡು ಹೊರಟರು. ಪಿಂಚಣಿ ಮಾತ್ರ ನಮ್ಮ ಶಾಖೆಗೇ ಬರುತ್ತಿತ್ತು. ಅಲ್ಲಿಂದ ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಿದ್ದರು.

ಆ ದೇಶದ ಪದ್ಧತಿ ಹೀಗೆ. ನಿವೃತ್ತರಾದ ಪರದೇಶದವರು ಬಂದು ನೆಲೆಸಬಹುದು, ಮೊದಲು ಆರು ತಿಂಗಳ ಪರವಾನಗಿ ಕೊಡುತ್ತಾರೆ. ಅಷ್ಟರೊಳಗೆ ಅಲ್ಲಿನ ಬ್ಯಾಂಕಿನಲ್ಲಿ ಸ್ವಂತ ಹೆಸರಿನಲ್ಲಿ ಒಂದು ಖಾತೆ ತೆರೆದು, ತನ್ನ ಪಿಂಚಣಿ ಆ ಖಾತೆಗೆ ಬರುತ್ತದೆ ಎಂದು ತೋರಿಸಬೇಕು. ತೋರಿಸಿದರೆ ಇದ್ದುಬಿಡಬಹುದು. ಇಲ್ಲದಿದ್ದರೆ ವಾಪಸ್ ಬಂದು, ತಮ್ಮ ದೇಶದಿಂದ ಹೊಸದಾಗಿ ಅರ್ಜಿ ಹಾಕಬೇಕು, ಅದಕ್ಕೆ ಎಂಟೊಂಬತ್ತು ತಿಂಗಳು. ಖಾತೆ ತೆರೆಯುವುದರಲ್ಲೇ ಜೀವನ ಕಳೆದ ಅಕ್ಕನಿಗೆ ಇದು ಎಷ್ಟರ ಕೆಲಸ ಎಂದು ನಾವೆಲ್ಲ ನಕ್ಕಿದ್ದೆವು.

ಮೊದಲ ಸಲ ಹೋದಾಗ ಅಲ್ಲಿನ ಬ್ಯಾಂಕಿನವರು ಸ್ಥಳೀಯ ಫೋನ್ ನಂಬರು ಕೇಳಿದರು. ಫೋನ್ ಅಂಗಡಿಗೆ ಹೋದರೆ ಬ್ಯಾಂಕ್ ಖಾತೆ ಇದ್ದರೆ ಮಾತ್ರ ನಂಬರು ಎಂದರು. ಅದು ಬಗೆಹರಿಯುವಷ್ಟರಲ್ಲಿ ಒಂದು ತಿಂಗಳು. ಆಮೇಲೆ ವಿಳಾಸ. ಮನೆ ತಂಗಿಯದು, ಆದರೆ ನೀರಿನ ಬಿಲ್ಲು, ಗ್ಯಾಸಿನ ಬಿಲ್ಲು ಎಲ್ಲವೂ ಇನ್ನೂ ಅವಳ ತೀರಿಕೊಂಡ ಗಂಡನ ಹೆಸರಿನಲ್ಲಿ. ಅಕ್ಕ ಫೋನಿನಲ್ಲಿ ನಗುತ್ತಿದ್ದರು.

"ನನಗೇ ಇನ್ನೊಂದು ಕಾಗದ ಅಂತಾಳೆ ಕಣೋ. ಎಲ್ಲಾ ಸರಿಯಾಗಿದೆ ಅಂತ ನಕ್ಕೊಂಡೇ ಹೇಳ್ತಾಳೆ. ಉಗುರಿಗೆ ನೀಲಿ ಬಣ್ಣ ಹಚ್ಚಿಕೊಂಡಿರೋ ಹುಡುಗಿ. ಚುರುಕಾಗಿದ್ದಾಳೆ, ಒಂದು ಚುಕ್ಕಿ ಬಿಡಲ್ಲ."

"ಸಿಟ್ಟು ಬರಲ್ವಾ ಅಕ್ಕಾ?"

"ಸಿಟ್ಟೇನು ಬಂತು. ನಮ್ಮ ಜಾತಿಯವಳೇ ಅಲ್ವಾ."

ಬೆಂಚಿನ ಮೇಲೆ ಕೂತಿರುವಾಗ ಸೊಂಟ ನೋಯುತ್ತದೆ, ನಮ್ಮ ಬ್ಯಾಂಕಿನ ಬೆಂಚಿಗೂ ಒಂದು ಒರಗು ಮಾಡಿಸಬೇಕಿತ್ತು ಎಂದು ಒಮ್ಮೆ ಅಂದರು. ಉಳಿದಂತೆ ಮಾತೆಲ್ಲ ತಂಗಿಯದೇ. ತಂಗಿ ದಿನಾ ಬೆಳಿಗ್ಗೆ ಇವರನ್ನು ಕರೆದುಕೊಂಡು ಊರು ಸುತ್ತುತ್ತಿದ್ದಳು. ಯಾವ ಮೆಟ್ಟಿಲು ಮುರಿದಿದೆ, ಯಾವ ಬಸ್ಸು ಆಸ್ಪತ್ರೆಗೆ ಹೋಗುತ್ತದೆ, ತರಕಾರಿ ಅಂಗಡಿಯವನ ತಕ್ಕಡಿ ಎಲ್ಲಿ ಮೋಸ ಮಾಡುತ್ತದೆ, ಎಲ್ಲ ತೋರಿಸುತ್ತಿದ್ದಳು. ಕಣ್ಣಿರುವಾಗಲೇ ತಾನು ಕಂಡದ್ದನ್ನೆಲ್ಲ ಅಕ್ಕನಿಗೆ ಒಪ್ಪಿಸಿಬಿಡಬೇಕು, ಆಮೇಲೆ ಅಕ್ಕ ನೋಡಿ ಹೇಳಿದರೆ ಸಾಕು ಎನ್ನುವುದು ಅವಳ ಲೆಕ್ಕ. ಸಂಜೆ ದೀಪ ಹಾಕಿ, ಅಕ್ಕನನ್ನು ಸರಿಯಾಗಿ ಎದುರಿಗೆ ಕೂರಿಸಿಕೊಂಡು ಸುಮ್ಮನೆ ನೋಡುತ್ತಿದ್ದಳಂತೆ.

"ಏನೇ ಹಾಗೆ ನೋಡ್ತೀಯ ಅಂದರೆ, ಮೂವತ್ತು ವರ್ಷದ ಬಾಕಿ ಇದೆ, ತೀರಿಸ್ಕೋತಿದ್ದೀನಿ ಅಂತಾಳೆ," ಎಂದರು ಅಕ್ಕ. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಐದನೇ ತಿಂಗಳ ಕೊನೆಗೆ ಆ ಹುಡುಗಿ ಕೇಳಿದ ಕೊನೆಯ ಕಾಗದ, ಹಳೆಯ ಬ್ಯಾಂಕಿನ ಪತ್ರ. ಇವರು ಇಷ್ಟು ವರ್ಷದಿಂದ ನಮ್ಮ ಗಿರಾಕಿ, ಇವರ ಪಿಂಚಣಿ ನಮ್ಮಲ್ಲಿಗೆ ಬರುತ್ತದೆ, ಇವರು ಹೇಳಿದರೆ ಅಲ್ಲಿಗೆ ಕಳಿಸುತ್ತೇವೆ ಎಂದು ಮೊಹರು ಹಾಕಿದ ಅಸಲು ಪತ್ರ. ಅಂಥ ಪತ್ರ ಬೇಕಾದರೆ ಗಿರಾಕಿಯ ಸಹಿಯಿರುವ ಅಸಲು ಅರ್ಜಿ ನಮಗೆ ಬರಬೇಕು. ಅಕ್ಕ ಅರ್ಜಿಯನ್ನು ಕೊರಿಯರಿನಲ್ಲಿ ಹಾಕಿದರು. ಅದು ಎರಡನೇ ತಾರೀಖು ನನ್ನ ಕೈಸೇರಿತು. ಪರವಾನಗಿ ಮುಗಿಯುವುದು ಆ ತಿಂಗಳ ಮೂವತ್ತಕ್ಕೆ.

ಕವರು ತಂದ ಅಟೆಂಡರ್ ಅದನ್ನು ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದುಕೊಂಡಿದ್ದ. "ಅಕ್ಕನದು ಸಾರ್. ಅಂಟಿಸಿರೋದು ನೋಡಿ, ಒಂದು ಇರುವೆ ನುಗ್ಗೋಕೆ ಜಾಗ ಇಲ್ಲ." ಬಿಚ್ಚಿದೆ. ಮೂಲೆಯಿಂದ ಒಂದು ಬೆರಳು ಒಳಗೆ ತೂತು, ಹಸಿರು ಟ್ಯಾಗ್, ಒಳಕ್ಕೆ ಮಡಿಸಿದ ತುದಿಗಳು. ಅಕ್ಕ ಆ ದೇಶಕ್ಕೆ ಹೋಗುವಾಗ ಟ್ಯಾಗಿನ ಕಟ್ಟನ್ನೂ ಒಯ್ದಿದ್ದರು ಅಂತ ಕಾಣುತ್ತದೆ.

ಅರ್ಜಿ ಚೊಕ್ಕವಾಗಿತ್ತು. ಕೆಳಗೆ ಸಹಿ. ನಾನು ಅವರ ಮಾದರಿ ಸಹಿಯ ಕಾರ್ಡ್ ತೆಗೆದು ಪಕ್ಕದಲ್ಲಿಟ್ಟು, ಅವರದೇ ಭೂತಗನ್ನಡಿ ಹಿಡಿದೆ. ಅಕ್ಷರಗಳು ಒಂದಿಷ್ಟೂ ಆಚೀಚೆ ಇರಲಿಲ್ಲ. ಆದರೆ ಸಹಿ ಓಡಿರಲಿಲ್ಲ. ಐದು ಕಡೆ ಪೆನ್ನು ನಿಂತಿತ್ತು, ಐದು ಕಡೆಯೂ ಶಾಯಿ ಗುಂಡಗೆ ಕೂತಿತ್ತು. ಯಾರೋ ಚಿತ್ರ ಬರೆದ ಹಾಗೆ ಎಳೆದಿದ್ದರು.

ಯಾರು ಎಳೆದಿದ್ದರು ಎಂದು ನನಗೆ ಗೊತ್ತಿರಲಿಲ್ಲವೇ? ಕೆಲಸದ ಕೊನೆಯ ವರ್ಷ ಅಕ್ಕನ ಬಲಗೈ ನಡುಗಲು ಶುರುವಾಗಿತ್ತು. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು, ನಾನು ನೋಡಿಯೂ ನೋಡದವನ ಹಾಗಿದ್ದೆ. ಆ ನಡುಗುವ ಕೈಯಿಂದ ಹಳೆಯ ಸಹಿಗೆ ಸರಿಹೋಗಲಿ ಎಂದು, ಉಸಿರು ಬಿಗಿಹಿಡಿದು, ಅಕ್ಷರ ಅಕ್ಷರ ಎಳೆದು ಬರೆದಿದ್ದರು. ತಪ್ಪಾಗಬಾರದು ಎಂದು ಅಷ್ಟು ಜೋಪಾನ ಮಾಡಿದ್ದಕ್ಕೇ ಅದು ಕಳ್ಳಸಹಿಯ ಹಾಗೆ ಕಾಣುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಹೇಗೋ ಗೀಚಿ ಕಳಿಸುತ್ತಿದ್ದರು, ನಾನು ಪಾಸು ಮಾಡುತ್ತಿದ್ದೆ.

"ಸರಿ ಇಲ್ವಾ ಸಾರ್?" ಎಂದ ಅಟೆಂಡರ್.

"ಸಹಿ ಹೊಂದ್ತಿಲ್ಲ."

"ಅಕ್ಕನ ಸಹಿ ಹೊಂದಲ್ವಾ?" ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂಬಂತೆ ಅವನು ನನ್ನನ್ನು ನೋಡಿದ. "ಮೊಬೈಲಲ್ಲಿ ವಿಡಿಯೋ ಮಾಡಿ ಮುಖ ನೋಡಿಬಿಡಿ. ಇಲ್ಲಾ ಆ ಕೆಂಪು ಶಾಯೀಲಿ ಏನೋ ಬರೀತಾರಲ್ಲ, ಅದನ್ನ ಬರೆದುಬಿಡಿ."

"ನೀನು ನಿನ್ನ ಕೆಲಸ ನೋಡಿಕೋ," ಎಂದೆ.

ಮ್ಯಾನೇಜರು ನೀವು ಹೇಗೆ ಹೇಳಿದರೆ ಹಾಗೆ ಎಂದು ಕೈ ತೊಳೆದುಕೊಂಡರು. ಮುಂದಿನ ವಾರ ಆಡಿಟ್ ಇತ್ತು, ಅದೂ ನಿಜ. ಆದರೆ ಆಡಿಟಿನ ಮೇಲೆ ಹಾಕಿ ತಪ್ಪಿಸಿಕೊಳ್ಳಲು ಈಗ ಮನಸ್ಸು ಒಪ್ಪುವುದಿಲ್ಲ. ಕೆಂಪು ಪೆನ್ನು ನನ್ನ ಕೈಯಳತೆಯಲ್ಲೇ ಇತ್ತು. ಅಕ್ಕ ಕಲಿಸಿದ್ದನ್ನು ಎಷ್ಟು ಚೆನ್ನಾಗಿ ಕಲಿತಿದ್ದೇನೆ ಎಂದು ಅವರಿಗೇ ತೋರಿಸುವ ಚಪಲ ಒಂದು ಕಡೆ. ಇನ್ನೊಂದು ಕಡೆ, ಸುಳ್ಳು ಯಾಕೆ ಹೇಳಲಿ, ಬಿಸಿಲಲ್ಲಿ ನಡೆದುಹೋದ ನಮ್ಮಮ್ಮನ ಬೆನ್ನು ಕಣ್ಣಮುಂದೆ ಬಂತು. ಒಳಗೊಳಗೇ ಒಂದು ಚಿಟಿಕೆ ಖುಷಿಯಾಯಿತು. ಆ ಚಿಟಿಕೆ ಖುಷಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿದೆ. ವಾಪಸ್ ಹೋದ ಅಸಲು ಅರ್ಜಿಯನ್ನು ಜೊತೆಗೆ ಲಗತ್ತಿಸದೆ ಹೊಸ ಅರ್ಜಿ ತೆಗೆದುಕೊಳ್ಳುವ ಹಾಗಿಲ್ಲ ಎನ್ನುವುದು ನಮ್ಮ ನಿಯಮ. ವಾಪಸ್ ಹೋಗಲು ಆರು ದಿನ, ಹೊಸ ಅರ್ಜಿ ಬರಲು ಏಳು, ಪತ್ರ ಹೋಗಲು ಏಳು, ಅಲ್ಲಿ ಖಾತೆ ತೆರೆಯಲು ಒಂದು ವಾರ. ಎಲ್ಲವೂ ನೆಟ್ಟಗೆ ನಡೆದರೆ ಒಂದು ದಿನ ಮಿಗುತ್ತದೆ. ಸಾಕು ಎಂದುಕೊಂಡು ಅರ್ಜಿಯ ಮೇಲೆ 'ಸಹಿ ತಾಳೆಯಾಗುವುದಿಲ್ಲ' ಎಂಬ ಮೊಹರು ಒತ್ತಿ, ಅಕ್ಕನಿಗೆ ಫೋನ್ ಮಾಡಿದೆ.

ಅವರು ಕೇಳಿದರು, "ಎಲ್ಲಿ ಹೊಂದಲಿಲ್ಲ?"

"ಅಕ್ಷರ ಸರಿಯಾಗಿದೆ ಅಕ್ಕಾ. ಓಡಿಲ್ಲ. ಐದು ಕಡೆ ನಿಂತಿದೆ."

"ಐದು ಕಡೆ." ಅವರು ಅದನ್ನು ತಮ್ಮಷ್ಟಕ್ಕೇ ಹೇಳಿಕೊಂಡರು. "ಹತ್ತು ಹಾಳೆ ಹಾಳು ಮಾಡಿ ಇದೇ ಚೆನ್ನಾಗಿದೆ ಅಂತ ಕಳಿಸಿದೆ ಕಣೋ. ಆಗಲಿ. ನೀನು ಮಾಡಿದ್ದು ಸರಿ. ನಾನಾಗಿದ್ದರೂ ವಾಪಸ್ ಕಳಿಸ್ತಿದ್ದೆ."

ಬೈದಿದ್ದರೆ ಆಗಲೇ ಆ ಮೊಹರನ್ನು ಹೊಡೆದುಹಾಕಿ ಪತ್ರ ಕಳಿಸುತ್ತಿದ್ದೆನೇನೋ. ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ. "ಬಸ್ಸಿಗೆ ಹೊತ್ತಾದ ಹಾಗೆ, ನೋಡದೆ ಒಂದು ಸಹಿ ಗೀಚಿ ಕಳಿಸಿ ಅಕ್ಕಾ," ಎಂದು ನನ್ನ ಗುರುವಿಗೇ ಪಾಠ ಹೇಳಿದೆ.

ನಾನು ವಾಪಸ್ ಕಳಿಸಿದ ಕವರು ಅಲ್ಲಿ ಕೊರಿಯರಿನವರ ಗೋದಾಮಿನಲ್ಲಿ ನಾಲ್ಕು ದಿನ ಕೂತಿತು. ಮನೆಯ ಗೇಟಿನ ಮೇಲೆ ತಂಗಿಯ ತೀರಿಕೊಂಡ ಗಂಡನ ಹೆಸರಿತ್ತು, ಅಕ್ಕನ ಹೆಸರಿನವರು ಯಾರೂ ಇಲ್ಲಿಲ್ಲ ಎಂದು ಬರೆದುಕೊಂಡು ಒಯ್ದಿದ್ದರು. ಎರಡನೇ ಅರ್ಜಿ ನನಗೆ ಬಂದದ್ದು ಹತ್ತೊಂಬತ್ತಕ್ಕೆ. ಆ ಸಹಿಯಲ್ಲಿ ಅರ್ಧ ಅಕ್ಷರಗಳೇ ಇರಲಿಲ್ಲ, ಹಳೆಯದಕ್ಕೂ ಅದಕ್ಕೂ ಹೋಲಿಕೆಯೂ ಇರಲಿಲ್ಲ. ಆದರೆ ಓಡಿತ್ತು. ಪಾಸು ಮಾಡಿದೆ, ಅದೇ ದಿನ ಪತ್ರ ಕಳಿಸಿದೆ. ನೀಲಿ ಉಗುರಿನ ಹುಡುಗಿ ಪಾಪ ತನ್ನ ಕೈಲಾದಷ್ಟು ಅವಸರ ಮಾಡಿದಳಂತೆ. ಅಕ್ಕನ ಹೆಸರಿನಲ್ಲಿ ಪರದೇಶದಲ್ಲಿ ಖಾತೆ ತೆರೆಯಿತು, ಮುಂದಿನ ತಿಂಗಳ ನಾಲ್ಕನೇ ತಾರೀಖು.

ಪರವಾನಗಿ ಕಚೇರಿಯವನು ಕಾಗದಗಳನ್ನೆಲ್ಲ ತಿರುವಿ ನೋಡಿ, ಎಲ್ಲಾ ಸರಿಯಾಗಿದೆ, ತಾರೀಖೊಂದು ದಾಟಿದೆ, ವಾಪಸ್ ಹೋಗಿ ಹೊಸದಾಗಿ ಅರ್ಜಿ ಹಾಕಿ ಎಂದ. ಅಕ್ಕ ವಾದ ಮಾಡಲಿಲ್ಲವಂತೆ. ವಾದ ಮಾಡುವ ಗಿರಾಕಿಗಳನ್ನು ಅವರು ಎಂದೂ ಇಷ್ಟಪಟ್ಟವರಲ್ಲ.

ಎರಡು ಸೂಟ್‌ಕೇಸಿನೊಂದಿಗೆ ಅಕ್ಕ ವಾಪಸ್ ಬಂದರು. ಮನೆ ಬಿಟ್ಟಾಗಿತ್ತು, ಪಾತ್ರೆಪಗಡ ಕೊಟ್ಟಾಗಿತ್ತು. ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲಿನಲ್ಲಿ, ಮೆಟ್ಟಿಲ ಕೆಳಗಿನ ಒಂದು ಕೋಣೆ ಹಿಡಿದರು. ಒಂದು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ನಾನು ಒಮ್ಮೆ ಹೋಗಿದ್ದೆ. ತಪ್ಪಾಯಿತು ಅಕ್ಕಾ ಎಂದು ಹೇಳಲೇಬೇಕು ಎಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ, "ರೂಲು ರೂಲೇ ಕಣೋ. ಬಿಸ್ಕೆಟ್ ತಿಂತೀಯಾ?" ಎಂದರು. ಎರಡು ಬಿಸ್ಕೆಟ್ ತಿಂದು ಎದ್ದು ಬಂದೆ.

ಅವರು ಪ್ರತಿ ತಿಂಗಳು ಪಿಂಚಣಿಗೆ ಬ್ಯಾಂಕಿಗೆ ಬಂದು, ಎಲ್ಲರಂತೆ ಟೋಕನ್ ಹಿಡಿದು ಬೆಂಚಿನ ಮೇಲೆ ಕೂರುತ್ತಿದ್ದರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ನಾನು ಆ ಹೊತ್ತಿಗೆ ಕಂಪ್ಯೂಟರಿನ ಪರದೆಯ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ತಂಗಿ ದಿನಾ ಫೋನ್ ಮಾಡುತ್ತಾಳೆ, ಮೊಬೈಲಿನ ಪರದೆಯಲ್ಲಿ ಮುಖ ಕಾಣುವುದಿಲ್ಲವಂತೆ, ಬೆಳಕು ಮಾತ್ರ ಕಾಣುತ್ತದಂತೆ, ಇದನ್ನೆಲ್ಲ ಅಟೆಂಡರ್ ಬಂದು ನನಗೆ ಹೇಳುತ್ತಿದ್ದ. ಹೇಳಿ ನನ್ನ ಮುಖವನ್ನೇ ನೋಡುತ್ತಿದ್ದ. ಐದನೇ ತಿಂಗಳಿನಲ್ಲಿ ಒಂದು ದಿನ ಅವನು ನೀರಿನ ಲೋಟ ತಂದಿಟ್ಟು, "ಪೂರ್ತಿ ಹೋಯ್ತಂತೆ ಸಾರ್. ಬೆಳಕೂ ಇಲ್ವಂತೆ," ಎಂದ. ಅವತ್ತು ನಾನು ಮೂರು ವೋಚರುಗಳಲ್ಲಿ ತಪ್ಪು ತಾರೀಖು ಬರೆದೆ.

ಎಂಟನೇ ತಿಂಗಳು ಹೊಸ ಪರವಾನಗಿ ಬಂತು. ಈ ಸಲ ಖಾತೆ ಮೊದಲೇ ಇತ್ತಲ್ಲ, ಒಂದು ಕೊಂಕೂ ಬರಲಿಲ್ಲ. ಹೊರಡುವ ಹಿಂದಿನ ದಿನ ಬೆಳಿಗ್ಗೆ, ಬಾಗಿಲು ತೆರೆದ ಕೂಡಲೇ ಅಕ್ಕ ಬಂದು ನನ್ನ ಕೌಂಟರಿನ ಎದುರಿನ ಕುರ್ಚಿಯಲ್ಲಿ ಕೂತರು. ತುಂಬ ಇಳಿದುಹೋಗಿದ್ದರು. ಗಾಜಿನ ಕೆಳಗೆ ತಮ್ಮ ಬಸ್ಸಿನ ವೇಳಾಪಟ್ಟಿ ಇನ್ನೂ ಇರುವುದನ್ನು ನೋಡಿ, "ಇದರಲ್ಲಿ ಅರ್ಧ ಬಸ್ಸು ಈಗಿಲ್ಲ, ತೆಗೆದುಹಾಕು," ಎಂದರು.

"ಮಾದರಿ ಸಹಿ ಬದಲಾಯಿಸಬೇಕು ಕಣೋ. ನಾಳೆ ನೀನು ವರ್ಗವಾಗಿ ಹೋದರೆ ಇನ್ನೊಬ್ಬ ಬಂದು ಕೂರ್ತಾನೆ. ಅವನಿಗೂ ತೊಂದರೆ, ನನಗೂ ತೊಂದರೆ. ಇನ್ನೊಂದು ಕಾಗದ ಏನಾದರೂ ಬೇಕಾ?"

"ಏನೂ ಬೇಡ ಅಕ್ಕಾ."

ಕಾರ್ಡಿನಲ್ಲಿ ಮೂರು ಸಲ ಸಹಿ ಮಾಡಬೇಕು. ಮೊದಲನೆಯದು ಗೆರೆಯಿಂದ ಮೇಲಕ್ಕೆ ಹೋಯಿತು, ಎರಡನೆಯದರಲ್ಲಿ ಮಧ್ಯದ ಅಕ್ಷರ ಬಿಟ್ಟುಹೋಯಿತು, ಮೂರನೆಯದು ಮುಗಿಯುವ ಮೊದಲು ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡರು. ಕಾರ್ಡನ್ನು ನನ್ನ ಕಡೆ ತಳ್ಳಿದರು.

"ಮೂರೂ ಒಂದೇ ಥರ ಇದೆಯಾ ನೋಡು."

ನಾನು ಭೂತಗನ್ನಡಿ ಮುಟ್ಟಲಿಲ್ಲ. "ಇದೆ ಅಕ್ಕಾ. ಮೂರೂ ಒಂದೇ ಥರ ಇದೆ."

"ಸುಳ್ಳು ಹೇಳಬೇಡ. ಒಂದಕ್ಕೊಂದು ನೆಂಟಸ್ತನ ಇಲ್ಲ ಅದರಲ್ಲಿ."

ನಾನು ಡ್ರಾಯರ್ ಎಳೆದು ಕೆಂಪು ಪೆನ್ನು ತೆಗೆದೆ. ಕಾರ್ಡಿನ ಮೂಲೆಯಲ್ಲಿ 'ಖುದ್ದು ಬಲ್ಲೆ' ಎಂದು ಬರೆದು, ಕೆಳಗೆ ನನ್ನ ರುಜು ಹಾಕಿದೆ. ಕೌಂಟರಿನಲ್ಲಿ ಕೂತವರಿಗೆ ತಲೆಕೆಳಗಾದ ಅಕ್ಷರ ಓದುವುದು ರೂಢಿ. ಅಕ್ಕ ಆ ಕಡೆಯಿಂದಲೇ ಅದನ್ನು ಓದಿದರು.

"ಎರಡೇ ಮಾತು ಇದು," ಎಂದರು. "ಬರೆಯೋಕೆ ಎಷ್ಟು ಹೊತ್ತು ಬೇಕು ಅಂತ ನನಗೂ ಗೊತ್ತಿರಲಿಲ್ಲ. ನಿಮ್ಮಮ್ಮನ ಕಾಗದದ ಮೇಲೆ ನಾನೂ ಬರೆದಿಲ್ಲ ಬಿಡು."

ಅಮ್ಮನನ್ನು ಅವರು ನೆನಪಿಟ್ಟುಕೊಂಡಿದ್ದಾರೆ ಎಂದು ನಾನು ಅಂದುಕೊಂಡೇ ಇರಲಿಲ್ಲ. ತಪ್ಪಾಯಿತು ಎಂಬ ಮಾತು ಈಗಲಾದರೂ ಬಂದೀತೆಂದು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿ ತಡೆದರು. ಪರ್ಸಿನಿಂದ ಟ್ಯಾಗೊಂದನ್ನು ತೆಗೆದು ಕಾರ್ಡಿಗೆ ಪೋಣಿಸಲು ನೋಡಿದರು. ತುದಿ ತೂತಿಗೆ ಸಿಗಲಿಲ್ಲ. ನಾನೇ ಇಸಿದುಕೊಂಡು ಪೋಣಿಸಿ, ಎರಡು ತುದಿಗಳನ್ನೂ ಒಳಕ್ಕೆ ಮಡಿಸಿದೆ.

"ಇದನ್ನ ನೀನು ಅವತ್ತು ಬರೆದಿದ್ದರೆ," ಎಂದರು ಅಕ್ಕ. ಸಿಟ್ಟಿನಿಂದಲ್ಲ, ಕಡತದಲ್ಲಿ ಬಿಟ್ಟುಹೋದ ಒಂದು ತಾರೀಖನ್ನು ತೋರಿಸುವ ಹಾಗೆ. "ಐದು ತಿಂಗಳು ಕಣೋ. ಇನ್ನೂ ಐದು ತಿಂಗಳು ಅವಳು ನನ್ನ ಮುಖ ನೋಡ್ತಿದ್ದಳು."

ಅವರು ಎದ್ದು, ಬೆಂಚಿನ ಮೇಲಿದ್ದವರನ್ನು ಸುತ್ತಿಕೊಂಡು, ಬಾಗಿಲ ಕಡೆ ನಡೆದರು. ನಾನು ಕಾರ್ಡಿನ ಮೇಲೆ ಮೊಹರು ಒತ್ತಿದೆ. ಮುಂದಿನ ಟೋಕನ್ನಿನವರು ಬಂದು ಎದುರಿಗೆ ನಿಂತು, ಸಾರ್, ಸಾರ್ ಎಂದು ಎರಡು ಸಲ ಕರೆದರು.